ಔಷಧಕ್ಕೆ ಬಗ್ಗದ ಫಂಗಸ್: ಪೋಸ್ಟರಲ್ಲಿ ಸೈಟೇಶನ್ ಹಾಕಿದ್ರೆ ಮುಗೀತಾ?

ಕಪಾಟು_ಆರು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವರ್ಷ ಬಂತು ಅಂದ್ರೆ ನನ್ನ ಕೆಲಸ ಪುಸ್ತಕ ಕೊಡೋದಲ್ಲ, ಮೇಷ್ಟ್ರುಗಳ ಸೈಟೇಶನ್, ಅಂದ್ರೆ ಅವರ ಪೇಪರನ್ನ ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ, ಎಣಿಸೋದು. ಪೇಪರ್ ಲೆಕ್ಕ ಇಡೋ ಡೇಟಾಬೇಸ್ ಎರಡು, ಗೂಗಲ್ ಸ್ಕಾಲರ್‌ನಲ್ಲಿ ಒಂದು ಲೆಕ್ಕ, ಸ್ಕೋಪಸ್‌ನಲ್ಲಿ ಇನ್ನೊಂದು. ಎರಡಕ್ಕೂ ತಾಳೆ ಯಾಕಿಲ್ಲ ಅಂತ ಪ್ರಿನ್ಸಿಪಾಲರು ನನ್ನನ್ನೇ ಕೇಳ್ತಾರೆ.

ಈ ಸಲ ಮೈಕ್ರೋಬಯಾಲಜಿಯವರು ಔಷಧಕ್ಕೆ ಬಗ್ಗದ ಶಿಲೀಂಧ್ರ ಸೋಂಕುಗಳ ಮೇಲೆ ಸೆಮಿನಾರ್ ಇಟ್ಟುಕೊಂಡಿದ್ದಾರೆ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಡಾ. ಅನುರಾಧಾ ಚೌಧರಿ ಅವರ ಸಂಶೋಧನೆ ಬಗ್ಗೆ ಒಂದು ಪೋಸ್ಟರ್ ಮಾಡಿಕೊಡಿ, "ಇಂಪ್ಯಾಕ್ಟ್ ಎದ್ದು ಕಾಣಬೇಕು" ಅಂತ ನನಗೆ ಒಪ್ಪಿಸಿದ್ದಾರೆ. ಎದ್ದು ಕಾಣಬೇಕು ಅಂದ್ರೆ ದಪ್ಪಕ್ಷರದಲ್ಲಿ ಒಟ್ಟು ಸೈಟೇಶನ್, ಪಕ್ಕದಲ್ಲಿ ಎಚ್-ಇಂಡೆಕ್ಸ್ (ಪೇಪರ್ ಎಷ್ಟು, ಸೈಟೇಶನ್ ಎಷ್ಟು ಎರಡನ್ನೂ ಬೆರೆಸಿದ ಒಂದು ಅಂಕ). ಅಷ್ಟೇ ಅವರ ತಲೇಲಿರೋದು.

ಪೋಸ್ಟರ್ ನೆಪದಲ್ಲಿ ಪೇಪರ್‌ಗಳನ್ನೇ ಓದೋಕೆ ಕೂತೆ. ಕ್ಯಾಂಡಿಡಾ ಆರಿಸ್ ಅನ್ನೋ ಯೀಸ್ಟನ್ನ (ಒಂದೇ ಕೋಶದ ಫಂಗಸ್) ಮೊದಲು ವಿವರಿಸಿದ್ದು ಜಪಾನಿನವರು, 2009ರಲ್ಲಿ, ಒಬ್ಬ ವೃದ್ಧೆಯ ಕಿವಿಯಿಂದ ತೆಗೆದ ಮಾದರಿಯಿಂದ. 2013ರಲ್ಲಿ ಚೌಧರಿ ಅವರ ತಂಡ ದೆಹಲಿಯ ಎರಡು ಆಸ್ಪತ್ರೆಗಳ 12 ರೋಗಿಗಳಲ್ಲಿ ಅದೇ ಯೀಸ್ಟ್ ಸಿಕ್ಕಿದೆ, ಎಲ್ಲ ಒಂದೇ ತಳಿಯದ್ದು, ಸಾಮಾನ್ಯವಾಗಿ ಕೊಡೋ ಫಂಗಸ್ ಔಷಧ ಫ್ಲುಕೊನಜೋಲ್‌ಗೆ ಬಗ್ಗಲ್ಲ ಅಂತ ಬರೆಯಿತು. ಆಗ ಆ ಯೀಸ್ಟ್ ಬಗ್ಗೆ ಬರೀತಿದ್ದವರು ಜಗತ್ತಲ್ಲೇ ಬೆರಳೆಣಿಕೆಯಷ್ಟು. 2016ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಲ್ಲಿನ ಆಸ್ಪತ್ರೆಗಳಿಗೆ ಎಚ್ಚರಿಕೆ ಕಳಿಸಿತು. ಅಲ್ಲಿಂದಾಚೆ ಈ ವಿಷಯದ ಪೇಪರ್‌ಗಳು ಗುಡುಗು ಹೊಡೆದ ಮೇಲೆ ಅಣಬೆ ಎದ್ದಂಗೆ ಎದ್ದಿವೆ. ಹೊಸದಾಗಿ ಬರೆದವರು ಮೊದಲ ಪ್ಯಾರಾದಲ್ಲೇ ಹಳೇ ಪೇಪರ್‌ಗಳನ್ನ ಉಲ್ಲೇಖಿಸಲೇಬೇಕಲ್ಲ, ಹಂಗಾಗಿ ಇವಕ್ಕೂ ಸೈಟೇಶನ್ ಏರಿದೆ.

ನನ್ನ ತೊಡಕು ಇಷ್ಟು. 2013ರ ಪೇಪರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾಗಿದ್ದು ಐಸಿಯುಗಳ ಪರಿಸ್ಥಿತಿ. ಹಾಗಾದ್ರೆ ನಾನು ದಪ್ಪಕ್ಷರದಲ್ಲಿ ಹಾಕೋ ಸಂಖ್ಯೆ ಅಳೆಯೋದು ವಿಜ್ಞಾನಿಯ ಕೆಲಸವನ್ನೋ, ಫಂಗಸ್ ಹಬ್ಬಿದ್ದನ್ನೋ? ಲ್ಯಾಬಿನವರು, ಡಾಕ್ಟರುಗಳು ಇದ್ರೆ ಹೇಳಿ.

ಪಾಸ್_ಇದೆ_ಸೀಟಿಲ್ಲ

ಎರಡನ್ನೂ. ಮುಂದಿನ ಪ್ರಶ್ನೆ?

ಅಗಾರ್_ಪ್ಲೇಟ್

ಸರ್, ನಾ ಧಾರವಾಡದಾಕಿ, ಈಗ ಬೆಂಗಳೂರಾಗ ಒಂದು ಆಸ್ಪತ್ರಿ ಲ್ಯಾಬಿನಾಗ ಅದೀನಿ. ನಮ್ಮ ಬೆಂಚಿನ ಮ್ಯಾಲೆ ಏನ್ ನಡೀತದ ಹೇಳ್ತೀನಿ, ಆಮ್ಯಾಲೆ ನೀವ ಲೆಕ್ಕಾ ಹಾಕ್ರಿ.

ಬ್ಲಡ್ ಕಲ್ಚರ್ ಬಾಟ್ಲಿ ಮಷೀನಿನಾಗ ಇಟ್ಟಿರ್ತೀವಿ. ಒಳಗ ಏನರೆ ಬೆಳೀತಂದ್ರ ಮಷೀನು ಕೂಗ್ತದ. ಒಂದು ಹನಿ ತಗೊಂಡು ಸ್ಲೈಡಿಗೆ ಹಚ್ಚಿ ಗ್ರಾಂ ಸ್ಟೇನ್ ಅನ್ನೋ ಬಣ್ಣ ಹಾಕಿ ನೋಡಿದ್ರ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಾಲು ದೊಡ್ಡ, ತತ್ತಿ ಆಕಾರದ ನೇರಳೆ ಕೋಶ, ಕೆಲವುದರ ಮೈಗೆ ಸಣ್ಣ ಮೊಗ್ಗು ಒಡದಿರ್ತದ. "ಯೀಸ್ಟ್ ಬಂದದರೀ" ಅಂತ ಐಸಿಯುಗೆ ಫೋನ್ ಹಚ್ತೀವಿ. ಅಲ್ಲಿಗೆ ಅರ್ಧಾ ಕೆಲಸ. ಯಾವ ಯೀಸ್ಟ್ ಅನ್ನೋದು ಉಳಿದರ್ಧ. ಫಂಗಸ್ ಬೆಳಸೂ ಸಬೂರೋ ಅಗಾರಿನ ಮ್ಯಾಲೆ ಎಲ್ಲಾವೂ ಬೆಳ್ಳಗ, ನುಣ್ಣಗ ಬೆಳೀತಾವ. ಕಣ್ಣಾಗ ಆರಿಸ್ ಯಾವುದು, ಅದರ ದಾಯಾದಿ ಯಾವುದು ಅಂತ ಹೇಳಾಕ ಆಗಂಗಿಲ್ಲ.

ಮೊದಲಿನ ಕಥಿ ಏನಿತ್ತಂದ್ರ, ಸೂಕ್ಷ್ಮಜೀವಿ ಗುರುತಿಸೂ ವೈಟೆಕ್ ಮಷೀನಿನ ಡೇಟಾಬೇಸಿನಾಗ ಆರಿಸ್ ಅನ್ನೋ ಹೆಸರ ಇರಲಿಲ್ಲ. ಹೆಸರ ಇಲ್ಲದ್ದನ್ನ ಮಷೀನು ಹೆಂಗ ಹೇಳ್ತದ? "ಕ್ಯಾಂಡಿಡಾ ಹೀಮುಲೋನಿ" ಅಂತ ರಿಪೋರ್ಟ್ ಕೊಡ್ತಿತ್ತು, ಕೈಗೆ ಬಂದ ರಿಪೋರ್ಟಿಗೆ ಸಹಿ ಬೀಳ್ತಿತ್ತು, ವಾರ್ಡಿನಾಗ ಫ್ಲುಕೊನಜೋಲ್ ಏರಿಸ್ತಿದ್ರು. ರೋಗಿಗೆ ಜ್ವರ ಇಳೀತಿರಲಿಲ್ಲ. ದೆಹಲಿಯವರು ಡಿಎನ್‌ಎ ಓದಿ "ಇದು ಅದಲ್ಲ" ಅಂದ ಮ್ಯಾಲೆ ಎಲ್ಲಾರೂ ಹಳೇ ಫ್ರೀಜರ್ ತಗದು ಹೀಮುಲೋನಿ ಅಂತ ಬರದಿದ್ದ ಟ್ಯೂಬುಗಳನ್ನ ಮತ್ತ ನೋಡಾಕ ಹತ್ತಿದ್ರು. ಈಗ ಮಾಲ್ಡಿ-ಟಾಫ್ ಅನ್ನೋ ಬ್ಯಾರೆ ಮಷೀನು ಬಂದದ, ಡೇಟಾಬೇಸೂ ಸುಧಾರಿಸ್ಯಾದ. ಕಾಲನಿ ಬೆಳೆದಿದ್ರ ಸಾಕು, ಸ್ವಲ್ಪ ಹೊತ್ತಿನಾಗ ಹೆಸರು ಸಿಗ್ತದ.

ಹೆಸರು ಬದಲಾದ್ರ ಔಷಧ ಬದಲಾಗ್ತದ, ಎಕೈನೋಕ್ಯಾಂಡಿನ್ ಅನ್ನೋ ಬ್ಯಾರೆ ಗುಂಪಿನ ಔಷಧದ ಕಡೆ ಹೋಗ್ತಾರ. ವಾರ್ಡ್ ಒರಸೂ ದ್ರಾವಣ ಬದಲಾಗ್ತದ, ಯಾಕಂದ್ರ ದಿನದ ಕೆಲವು ಕ್ಲೀನಿಂಗ್ ದ್ರಾವಣಕ್ಕ ಈ ಯೀಸ್ಟ್ ಸಾಯಂಗಿಲ್ಲ, ಕ್ಲೋರಿನ್ ಬೇಕು. ಬೆಡ್ಡಿನ ಸರಳು, ಬಿಪಿ ಪಟ್ಟಿ ಮ್ಯಾಲೆ ವಾರಗಟ್ಟಲೆ ಜೀವ ಹಿಡ್ಕೊಂಡು ಕುಂದರ್ತದ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಾಗ ಒಂದು ಐಸಿಯು ತುಂಬ ಹಬ್ಬಿದ್ದು ಕಂಕುಳಾಗ ಇಡೂ ಥರ್ಮಾಮೀಟರಿನಿಂದ.

ಈ ಬದಲಾವಣಿ ಎಲ್ಲಾ ಕೆಲಸದ ಕ್ರಮ ಬರದಿಟ್ಟ ನಮ್ಮ ಎಸ್‌ಒಪಿ ಫೈಲಿನಾಗ ಬಂದದ. ಆ ಫೈಲಿನಾಗ ಯಾರೂ ರೆಫರೆನ್ಸ್ ಬರೆಯಂಗಿಲ್ಲ. ನಿಮ್ಮ ಸ್ಕೋಪಸ್ ಅದನ್ನ ಎಣಸಂಗೂ ಇಲ್ಲ.

ತಕರಾರು_ಅರ್ಜಿ

ಅಗಾರ್ ಮೇಡಂ ಬರೆದದ್ದು ಚೆನ್ನಾಗಿದೆ. ಆದ್ರೂ ಸಂಖ್ಯೆ ಬಗ್ಗೆ ನನ್ನ ತಕರಾರು ಇದ್ದೇ ಇದೆ.

ಎಚ್-ಇಂಡೆಕ್ಸ್ ಅನ್ನೋದು 2005ರಲ್ಲಿ ಹೋರ್ಹೆ ಹಿರ್ಶ್ ಅನ್ನೋ ಭೌತವಿಜ್ಞಾನಿ ಕೊಟ್ಟ ಸೂತ್ರ. ಎಚ್-ಇಂಡೆಕ್ಸ್ 40 ಅಂದ್ರೆ ತಲಾ ಕನಿಷ್ಠ 40 ಸಲ ಉಲ್ಲೇಖವಾದ 40 ಪೇಪರ್‌ಗಳಿವೆ ಅಂತ. ಒಬ್ಬರು ಜೀವಮಾನದಲ್ಲಿ ಒಂದೇ ಪೇಪರ್ ಬರೆದು ಲೋಕವನ್ನೇ ತಿರುಗಿಸಿದ್ರೂ ಅವರ ಎಚ್-ಇಂಡೆಕ್ಸ್ 1. ವಯಸ್ಸಾದಂತೆ ಏರುತ್ತೆ, ಇಳಿಯೋ ಮಾತೇ ಇಲ್ಲ. ನೂರು ಜನ ಸೇರಿ ಬರೆದ ಪೇಪರ್ ನೂರೂ ಜನರ ಖಾತೆಗೆ ಪೂರ್ತಿ ಜಮಾ.

ಇನ್ನೊಂದು, ರಿವ್ಯೂ ಲೇಖನಗಳು. ಲ್ಯಾಬಲ್ಲಿ ಕೂತು ಮಾದರಿ ಬೆಳೆಸಿದ ಪೇಪರಿಗಿಂತ, ಬೇರೆಯವರದ್ದನ್ನೆಲ್ಲ ಸೇರಿಸಿ ಬರೆದ ರಿವ್ಯೂಗೆ ಸೈಟೇಶನ್ ಜಾಸ್ತಿ ಬೀಳುತ್ತೆ. ಬರೆಯೋರಿಗೆ ಸುಲಭ ನೋಡಿ, ಹತ್ತು ಪೇಪರ್ ಬದಲು ಒಂದು ರಿವ್ಯೂ ಹಾಕಿದ್ರೆ ಆಯ್ತು. ಚೌಧರಿ ಅವರೂ ಕ್ಯಾಂಡಿಡಾ ಆರಿಸ್ ಮೇಲೆ ರಿವ್ಯೂ ಬರೆದಿದ್ದಾರೆ, 2016, 2017ರಲ್ಲಿ. ಅವರ ಕೆಲಸ ಕಡಿಮೆ ಅಂತ ಹೇಳ್ತಿಲ್ಲ. ಒಟ್ಟು ಸೈಟೇಶನ್ ಅನ್ನೋ ಒಂದೇ ಚೀಲಕ್ಕೆ ಎರಡನ್ನೂ ಸುರಿದು ತೂಗಬೇಡಿ ಅಂತಿದ್ದೀನಿ.

ಇದೇ ಕಾರಣಕ್ಕೆ 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಜ್ಞಾನ ಪತ್ರಿಕೆಗಳ ಸಂಪಾದಕರು, ಪ್ರಕಾಶಕರು ಕೂಡಿ ಒಂದು ಘೋಷಣೆ ತಂದ್ರು, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರಿಗೆ ಸರಾಸರಿ ಬೀಳೋ ಸೈಟೇಶನ್) ನೋಡಿ ವಿಜ್ಞಾನಿಯನ್ನ ಅಳೀಬೇಡಿ ಅಂತ. ನಮ್ಮ ಕಾಲೇಜುಗಳಿಗೆ ಅದರ ಗಾಳಿಯೂ ಬೀಸಿಲ್ಲ.

ಜಕ್ಕೂರು_ಕ್ಯಾಂಟೀನ್

ಪಿಎಚ್‌ಡಿ ಮಾಡ್ತಾ ಇರೋ ಪ್ರಾಣಿ ಮಾತಾಡ್ತಾ ಇದೆ.

ತಕರಾರು ಸರ್, ರಿವ್ಯೂ ವಿಚಾರ ಸರಿ. ಆದ್ರೆ ಈ ವಿಷಯದಲ್ಲಿ ಮೂಲ ಡೇಟಾ ಪೇಪರ್‌ಗಳೂ ಕಡಿಮೆ ಇಲ್ಲ. ಅದೇ ತಂಡ 2018ರಲ್ಲಿ ಭಾರತದ ಹಲವು ಆಸ್ಪತ್ರೆಗಳಿಂದ ಬಂದ 350 ಆರಿಸ್ ಮಾದರಿಗಳ ಔಷಧ ಪರೀಕ್ಷೆ ಪ್ರಕಟಿಸಿತು. ಶೇ. 90 ಫ್ಲುಕೊನಜೋಲ್‌ಗೆ ಬಗ್ಗಲ್ಲ, ಶೇ. 8 ಆಂಫೊಟೆರಿಸಿನ್ ಬಿ ಅನ್ನೋ ಔಷಧಕ್ಕೆ, ಶೇ. 2 ಎಕೈನೋಕ್ಯಾಂಡಿನ್‌ಗೆ. ಆ ಕೊನೇ ಶೇ. 2 ನೋಡಿ ನೆಮ್ಮದಿ ಪಡಬೇಡಿ, ಮೊದಲ ಆಯ್ಕೆಯ ಔಷಧ ಅದು. ರಕ್ತ ಸೋಂಕಿಗೆ ಕೊಡೋ ಔಷಧಗಳ ಮುಖ್ಯ ಗುಂಪು ಇರೋದೇ ಮೂರು. ಫಂಗಸ್ ಕೋಶ ನಮ್ಮ ಕೋಶದ ಹತ್ತಿರದ ನೆಂಟ, ಬ್ಯಾಕ್ಟೀರಿಯಾ ಥರ ಬೇರೆ ಜಾತಿ ಅಲ್ಲ. ಅದನ್ನ ಕೊಲ್ಲೋ ವಿಷ ನಮಗೂ ತಾಗುತ್ತೆ. ಆಂಫೊಟೆರಿಸಿನ್ ತಗೊಂಡೋರ ಕಿಡ್ನಿ ಕೇಳಿ ನೋಡಿ. ಅದಕ್ಕೇ ಹೊಸ ಔಷಧ ಅಷ್ಟು ನಿಧಾನ.

2017ರ ಇನ್ನೊಂದು ಪೇಪರ್ ಇದೆ, ಸಿಡಿಸಿಯ ಲಾಕ್‌ಹಾರ್ಟ್ ಮುಂದಾಳತ್ವದ್ದು, ಸೈಟೇಶನ್ ಸಾವಿರ ದಾಟಿ ಎಷ್ಟೋ ಕಾಲವಾಯ್ತು. ಮೂರು ಖಂಡಗಳ 54 ರೋಗಿಗಳ ಮಾದರಿ ಸೇರಿಸಿ, ಜೀನೋಮ್ (ಪೂರ್ತಿ ಡಿಎನ್‌ಎ) ಓದಿ, ಇದು ಒಂದು ಕಡೆಯಿಂದ ವಿಮಾನ ಹತ್ತಿ ಎಲ್ಲೆಡೆ ಹೋಗಿದ್ದಲ್ಲ, ಹಲವು ಕಡೆ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಬೇರೆ ಬೇರೆಯಾಗಿ ತಲೆ ಎತ್ತಿದೆ ಅಂತ ತೋರಿಸಿದ್ರು. ಆ ಪೇಪರಿನ ಲೇಖಕರ ಪಟ್ಟಿಯಲ್ಲಿ ಚೌಧರಿ ಅವರೂ ಇದ್ದಾರೆ. ದಕ್ಷಿಣ ಏಷ್ಯಾದ ಮಾದರಿ ಯಾರೋ ಮೊದಲೇ ಹುಷಾರಾಗಿ ತೆಗೆದಿಟ್ಟಿದ್ರು ಅನ್ನೋದಕ್ಕೇ ಆ ಹೋಲಿಕೆ ಸಾಧ್ಯವಾಗಿದ್ದು. ಸೈಟೇಶನ್ ಲೆಕ್ಕದಲ್ಲಿ ಫ್ರೀಜರ್‌ಗೆ ಪಾಲಿಲ್ಲ.

ಇನ್ನು ನಮ್ಮೂರ ಕಥೆ. ಇದು ದೆಹಲಿಯ ವಿಷಯ ಮಾತ್ರ ಅನ್ಕೊಂಡ್ರೆ ತಪ್ಪು. ಐಐಎಸ್‌ಸಿಯಲ್ಲಿ ಉತ್ಪಲ್ ಟಾಟು ಅವರ ತಂಡ 2015ರಲ್ಲೇ ಸಂಶೋಧನಾ ಪತ್ರಿಕೆ ಬಿಎಂಸಿ ಜೀನೋಮಿಕ್ಸ್‌ನಲ್ಲಿ ಆರಿಸ್ ಜೀನೋಮಿನ ಕರಡು ಪ್ರಕಟಿಸಿತು, ಸುಮಾರು 1.25 ಕೋಟಿ ಅಕ್ಷರ. ಸಿಡಿಸಿ ಎಚ್ಚರಿಕೆಗೂ ಮುಂಚೆ! ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೌಸ್ತುವ್ ಸನ್ಯಾಲ್ ಅವರ ತಂಡ 2021ರಲ್ಲಿ, ಕೋಶ ಒಡೆಯುವಾಗ ಕ್ರೋಮೋಸೋಮನ್ನ ಎಳೆಯೋ ಹಿಡಿ ಅನ್ನಬಹುದಾದ ಅದರ ಸೆಂಟ್ರೋಮಿಯರ್‌ಗಳನ್ನ ಗುರುತಿಸಿ, ಒಂದೊಂದು ಕ್ಲೇಡಿನಲ್ಲೂ (ವಂಶದ ಕವಲು) ಕ್ರೋಮೋಸೋಮುಗಳು ಹೆಂಗೆ ಬೇರೆ ಬೇರೆ ಥರ ಮರುಜೋಡಣೆ ಆಗಿವೆ ಅಂತ ತೋರಿಸಿತು. ಯಶವಂತಪುರದಿಂದ ಯಲಹಂಕದ ಕಡೆ ಹೋಗೋ ಬಸ್ಸಲ್ಲಿ ಈ ಫಂಗಸ್ಸಿನ ಬಗ್ಗೆ ಜಗತ್ತಿಗೇ ಗೊತ್ತಿಲ್ಲದ್ದೇನೋ ತಿಳಿದಿರೋ ಒಬ್ಬ ಹುಡುಗ ನಿಂತ್ಕೊಂಡು ನಿದ್ದೆ ಮಾಡ್ತಾ ಇರೋ ಸಾಧ್ಯತೆ ಯಾವತ್ತೂ ಇದ್ದೇ ಇದೆ.

ಪಾಸ್_ಇದೆ_ಸೀಟಿಲ್ಲ

ಆ ಹುಡುಗ ನನ್ನ ಹೆಗಲ ಮೇಲೆ ಮಲಗಿದ್ದ.

ಸ್ಕಿನ್_ಓಪಿಡಿ

ನೀವೆಲ್ಲ ಐಸಿಯುನಲ್ಲೇ ಸುತ್ತುತ್ತಾ ಇದ್ದೀರಿ. ಬೆಂಗಳೂರಿನ ಸಾಮಾನ್ಯ ಜನಕ್ಕೆ ಔಷಧಕ್ಕೆ ಬಗ್ಗದ ಫಂಗಸ್ ಅಂದ್ರೆ ಆರಿಸ್ ಅಲ್ಲ. ಹುಳುಕಡ್ಡಿ. ನಾನು ಚರ್ಮವೈದ್ಯೆ. ನಮ್ಮ ಓಪಿಡಿ ಸಾಲಿನಲ್ಲಿ ಸೊಂಟ, ತೊಡೆಸಂದು ಕೆರೆದುಕೊಳ್ತಾ ನಿಂತಿರೋರು ಎಷ್ಟು ಜನ ಅಂತ ಯಾವುದಾದ್ರೂ ಸೋಮವಾರ ಬಂದು ನೋಡಿ.

ನಾವು ಓದುವಾಗ ಹುಳುಕಡ್ಡಿ ಅಂದ್ರೆ ಪಾಠದಲ್ಲಿ ಅರ್ಧ ಪುಟ. ಟರ್ಬಿನಾಫಿನ್ ಎರಡು ವಾರ ಕೊಡಿ, ಹೋಗುತ್ತೆ. ಕಳೆದ ದಶಕದಲ್ಲಿ ಅದು ಹೋಗೋದು ನಿಂತುಹೋಯ್ತು. ಒಂದು ತಿಂಗಳು ಕೊಟ್ರೂ ಹೋಗಲ್ಲ, ಹೋದ್ರೂ ಮತ್ತೆ ಬರುತ್ತೆ, ಗಂಡನಿಗೆ ಬಂತು, ಹೆಂಡತಿಗೆ ಬಂತು, ಮಗುವಿನ ಕೆನ್ನೆ ಮೇಲೂ ಬಂತು. ರೋಗಿಗಳು ಮಾತ್ರೆ ಸರಿಯಾಗಿ ನುಂಗ್ತಿಲ್ಲ ಅಂತ ಬೈದಿದ್ದೇ ಬೈದಿದ್ದು ಎಲ್ಲರೂ. 2018ರಲ್ಲಿ ಚೌಧರಿ ಅವರ ತಂಡವೇ ದೆಹಲಿಯ ರೋಗಿಗಳ ಮಾದರಿ ನೋಡಿ ಹೇಳಿತು: ಸುಮಾರು ಮೂರರಲ್ಲಿ ಒಂದಕ್ಕೆ ಟರ್ಬಿನಾಫಿನ್ ನಾಟೋದೇ ಇಲ್ಲ, ಔಷಧ ಹಿಡಿಯಬೇಕಾದ ಸ್ಕ್ವಾಲೀನ್ ಎಪಾಕ್ಸಿಡೇಸ್ ಅನ್ನೋ ಕಿಣ್ವದ ಜೀನ್‌ನಲ್ಲೇ ಒಂದಕ್ಷರ ಬದಲಾಗಿದೆ. ಅದೇ ವರ್ಷ ಚಂಡೀಗಢದ ದೊಡ್ಡಾಸ್ಪತ್ರೆ ಪಿಜಿಐನಿಂದಲೂ ಇಂಥದ್ದೇ ವರದಿ ಬಂತು. ಓದಿದಾಗ ನನಗೆ ಸಮಾಧಾನ, ಸಿಟ್ಟು ಎರಡೂ ಆಯ್ತು.

2020ರಲ್ಲಿ ಜಪಾನಿನವರು ಇದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೇ ಅಂತ ಬೇರೆ ಜಾತಿ ಮಾಡಿದ್ರು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಹೆಂಗಸರಲ್ಲಿ ಸಿಕ್ಕಿತು, ಅಮೆರಿಕದಲ್ಲಿ ಮೊದಲ ವರದಿ. ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿಬಂದಿದ್ರು, ಇನ್ನೊಬ್ಬರು ಎಲ್ಲಿಗೂ ಹೋಗಿರಲಿಲ್ಲ. ಆಗ ಎಲ್ಲ ಪತ್ರಿಕೆಗಳಲ್ಲಿ ಸುದ್ದಿ. ಇಲ್ಲಿ ಲಕ್ಷಾಂತರ ಜನ ಕೆರೆದುಕೊಳ್ತಿದ್ದಾಗ ಅದು ಸುದ್ದಿ ಆಗಿರಲಿಲ್ಲ. ಕಪಾಟು ಸರ್, ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ. ಸೈಟೇಶನ್ ಏರೋದು ರೋಗ ಹೆಚ್ಚಿದಾಗ ಅಲ್ಲ, ರೋಗ ಸೈಟ್ ಮಾಡೋರ ಊರಿಗೆ ಹೋದಾಗ.

ಫಂಗಸ್ ಇಷ್ಟು ಕೊಬ್ಬೋಕೆ ಕಾರಣ ಬರೀ ಜೀನ್ ಅಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗೋ ಆ ಮೂರು-ನಾಲ್ಕು ಔಷಧ ಬೆರೆಸಿದ ಟ್ಯೂಬ್. ಒಂದು ಫಂಗಸ್ ಔಷಧ, ಒಂದು ಆಂಟಿಬಯಾಟಿಕ್, ಜತೆಗೆ ಕ್ಲೊಬೆಟಸಾಲ್ ಅನ್ನೋ ಗಟ್ಟಿ ಸ್ಟೀರಾಯ್ಡ್. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುತ್ತೆ, ಕೆಂಪು ಇಳಿಯುತ್ತೆ. ಆದ್ರೆ ಸ್ಟೀರಾಯ್ಡ್ ಚರ್ಮದ ಕಾವಲನ್ನ ಮಲಗಿಸಿರುತ್ತೆ, ಫಂಗಸ್ ಒಳಗೊಳಗೇ ಹರಡುತ್ತೆ. ಉಂಗುರದ ಆಕಾರವೇ ಅಳಿಸಿಹೋಗಿ, ನೋಡಿದ ಡಾಕ್ಟರಿಗೂ ಗುರುತು ಸಿಗದ ಹಾಗೆ ಆಗುತ್ತೆ. ಜತೆಗೆ ತೊಡೆಯಲ್ಲಿ ಚರ್ಮ ತೆಳುವಾಗಿ ಕೆಂಪು ಗೀರು ಬಿದ್ದಿರುತ್ತೆ, ಅದು ಜನ್ಮಕ್ಕೂ ಹೋಗಲ್ಲ. ಚರ್ಮವೈದ್ಯರ ಸಂಘ ಹೋರಾಡಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಹಚ್ಚೋ ಔಷಧಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲೆ.

ಕೌಂಟರ್_ಹಿಂದೆ

ಮೇಷ್ಟ್ರಿಗೆ ಎಚ್-ಇಂಡೆಕ್ಸ್, ನಮಗೆ ಎಚ್ ಶೆಡ್ಯೂಲ್. ಇಬ್ಬರಿಗೂ ಎಚ್ಚರ ಇಲ್ಲ ಅನ್ನಿ.

ನಂದು ಮೆಡಿಕಲ್ ಶಾಪು, ಪೀಣ್ಯ ಕಡೆ. ಮೇಡಂ ಹೇಳಿದ್ದು ಸುಳ್ಳಲ್ಲ. ಆದ್ರೆ ಕೌಂಟರ್ ಈ ಕಡೆ ನಿಂತು ನೋಡಿ. ಫ್ಯಾಕ್ಟರಿ ಹುಡುಗ ಶಿಫ್ಟ್ ಮುಗಿಸಿ ಬರ್ತಾನೆ, ಇಡೀ ದಿನ ಬೆವರಲ್ಲಿ ದಪ್ಪ ಪ್ಯಾಂಟ್. ಕೈಯಲ್ಲಿ ಹಿಂಡಿ ಹಿಂಡಿ ಚಪ್ಪಟೆ ಆದ ಖಾಲಿ ಟ್ಯೂಬ್. "ಅಣ್ಣ, ಇದೇ ಕೊಡಿ." ಡಾಕ್ಟರ್ ಚೀಟಿ ಬೇಕಪ್ಪ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾನೆ. ಚರ್ಮದ ಡಾಕ್ಟರ್ ಫೀಸು, ಅರ್ಧ ದಿನದ ಸಂಬಳ, ಆಮೇಲೆ ಇಟ್ರಕೊನಜೋಲ್ ಮಾತ್ರೆ ತಿಂಗಳುಗಟ್ಟಲೆ. ಟ್ಯೂಬು ಅದರ ಮುಂದೆ ಏನೇನೂ ಅಲ್ಲ. ರೂಮಲ್ಲಿ ಆರು ಜನ, ಒಂದೇ ಹಗ್ಗದ ಮೇಲೆ ಎಲ್ಲರ ಟವೆಲ್. ಅವನೊಬ್ಬನಿಗೆ ವಾಸಿ ಮಾಡಿ ಏನು ಮಾಡ್ತೀರ?

ನಾನಂತೂ ಆ ಬೆರಕೆ ಟ್ಯೂಬ್ ಇಡೋದು ಬಿಟ್ಟಿದ್ದೀನಿ. ವ್ಯಾಪಾರ ಬಿದ್ದಿದೆ. ಬರೀ ಫಂಗಸ್ ಕ್ರೀಮ್ ಕೊಟ್ರೆ "ಇದು ಬೇಗ ಕೆಲಸ ಮಾಡಲ್ಲ" ಅಂತ ವಾಪಸ್ ತರ್ತಾರೆ.

ಸ್ಕಿನ್_ಓಪಿಡಿ

ಟವೆಲ್ ಮಾತು ನೂರಕ್ಕೆ ನೂರು. ಮಾತ್ರೆ ಬರೆಯೋವಾಗ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ ಅಂತೀವಿ. ಬಿಸಿಲೇ ಬೀಳದ ರೂಮಿನೋರಿಗೆ ಹಂಗಂದು ಕಳಿಸೋವಾಗ ನನಗೇ ಮುಜುಗರ. ಟ್ಯೂಬ್ ಇಡೋದು ಬಿಟ್ಟಿದ್ದಕ್ಕೆ ನಿಮಗೆ ನಮಸ್ಕಾರ.

ತೀರ್ಥಹಳ್ಳಿ_ಟು_ವಿಜಯನಗರ

ಇಂಪ್ಯಾಕ್ಟ್ ಅಂತ ಮಾತು ಬಂದಿದ್ದಕ್ಕೆ ಹೇಳ್ತೀನಿ ಮಾರಾಯ್ರೆ. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಸ್ಲಿ ಕೋಲ್ಮನ್ ಅಂತ ಕೆನಡಾದವರೊಬ್ಬರು ಬೆಂಗಳೂರಿಗೆ ಬಂದು ಕೃಷಿ ಇಲಾಖೆಯಲ್ಲಿದ್ರು. ತೋಟಗಳಲ್ಲೇ ಅಲೆದು ಕೊಳೆರೋಗದ ಜೀವಿಯನ್ನ ಪತ್ತೆ ಹಚ್ಚಿ, 1910ರಲ್ಲಿ ಅದರ ಮೇಲೆ ವರದಿ ಬರೆದ್ರು. ಮಳೆಗೆ ಮುಂಚೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೀರಿ ಅಂದ್ರು. ಈಗಲೂ ಜೂನ್ ಹತ್ರ ಬಂತಂದ್ರೆ ನಮ್ಮ ಕಡೆ ಕೊನೆಗಾರರಿಗೆ ಬುಲಾವ್, ಮರದ ಮೇಲೆ ನೀಲಿ ದ್ರಾವಣ, ಅಂಗಳದಲ್ಲಿ ನೀಲಿ ಬ್ಯಾರಲ್. ನಮ್ಮಪ್ಪನಿಗೆ ಕೋಲ್ಮನ್ ಹೆಸರು ಗೊತ್ತಿಲ್ಲ, ಸುಣ್ಣ ಎಷ್ಟು ತುತ್ತ ಎಷ್ಟು ಅಂತ ಮಾತ್ರ ನಿದ್ದೇಲಿ ಎಬ್ಬಿಸಿದ್ರೂ ಹೇಳ್ತಾರೆ. ಇದಕ್ಕೆ ಎಷ್ಟು ಸೈಟೇಶನ್ ಹಾಕ್ತೀರಿ?

ಸೂಕ್ಷ್ಮದರ್ಶಕ

ಕೊಳೆರೋಗ ತರೋ ಫೈಟಾಫ್ಥೊರಾ ನಿಜವಾದ ಶಿಲೀಂಧ್ರ ಅಲ್ಲ. ಅದು ಊಮೈಸೀಟ್, ಪಾಚಿಗಳ ಕಡೆಯ ಸಂಬಂಧಿ. ಸುಮ್ಮನೆ ದಾಖಲೆಗಾಗಿ.

ತೀರ್ಥಹಳ್ಳಿ_ಟು_ವಿಜಯನಗರ

ಅಡಿಕೆ ಉದುರೋವಾಗ ಅದಕ್ಕೆ ಅದು ಗೊತ್ತಿರಲ್ಲ ಸ್ವಾಮಿ.

ದ್ರಾಕ್ಷಿ_ಚಪ್ಪರ

ನಮ್ಮದು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟ. ಬೂದಿರೋಗಕ್ಕೆ ನಾವು ಹೊಡೆಯೋ ಹೆಕ್ಸಕೊನಜೋಲ್, ಟೆಬುಕೊನಜೋಲ್ ಹೆಸರಿನ ಬಾಲವೂ ಡಾಕ್ಟರ್ ಕೊಡೋ ಮಾತ್ರೆ ಹೆಸರಿನ ಬಾಲವೂ ಒಂದೇ ಇದೆಯಲ್ಲ, ಏನಾದ್ರೂ ಸಂಬಂಧ ಇದೆಯಾ? ಬಹಳ ದಿನದಿಂದ ಕೇಳಬೇಕು ಅನ್ಕೊಂಡಿದ್ದೆ.

ಜಕ್ಕೂರು_ಕ್ಯಾಂಟೀನ್

ಇದೆ ಅಣ್ಣ. ಒಂದೇ ಕುಟುಂಬ, ಏಜೋಲ್. ಫಂಗಸ್ಸಿನ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಬೇಕು, ಅದನ್ನ ತಯಾರಿಸೋ ಒಂದೇ ಕಿಣ್ವವನ್ನ ನಿಮ್ಮ ತೋಟದ ಔಷಧವೂ ಆಸ್ಪತ್ರೆ ಔಷಧವೂ ತಡೀತವೆ. ಗಾಳಿಯಲ್ಲಿ, ಮಣ್ಣಲ್ಲಿ ಎಲ್ಲೆಡೆ ಇರೋ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅನ್ನೋ ಬೂಸ್ಟು ತೋಟದಲ್ಲೇ ಏಜೋಲ್‌ಗೆ ಒಗ್ಗಿಕೊಂಡು, ಆಮೇಲೆ ರೋಗಿಯ ಶ್ವಾಸಕೋಶಕ್ಕೆ ಸೇರಿದ್ರೆ, ರೋಗಿ ಒಂದು ಮಾತ್ರೆ ನುಂಗದಿದ್ದರೂ ಮಾತ್ರೆ ನಾಟಲ್ಲ. ಇದನ್ನ ಮೊದಲು ಗಟ್ಟಿಯಾಗಿ ಹೇಳಿದ್ದು ನೆದರ್ಲೆಂಡ್ಸ್‌ನವರು, ಅಲ್ಲಿ ಹೂವಿನ ಗೆಡ್ಡೆಗಳಿಗೂ ಏಜೋಲ್ ಬಳಕೆ ಇದೆ. 2012ರಲ್ಲಿ ಚೌಧರಿ ತಂಡ ಭಾರತದ ಮಣ್ಣಿನಲ್ಲೂ ಅದೇ ಜೀನ್ ಬದಲಾವಣೆ ಇರೋ ಬೂಸ್ಟನ್ನ ತೋರಿಸಿತು.

2022ರಲ್ಲಿ ಅವರದ್ದೇ ಇನ್ನೊಂದು ಪೇಪರ್: ಉತ್ತರ ಭಾರತದ ಸೇಬು. ಮರದಿಂದ ನೇರ ಕಿತ್ತ ಹಣ್ಣಲ್ಲಿ ಕ್ಯಾಂಡಿಡಾ ಆರಿಸ್ ಸಿಗಲಿಲ್ಲ, ಶೇಖರಿಸಿಟ್ಟು ಮಾರ್ಕೆಟ್ಟಿಗೆ ಬಂದ ಕೆಲವು ಹಣ್ಣಿನ ಸಿಪ್ಪೆ ಮೇಲೆ ಸಿಕ್ಕಿತು. ಶೇಖರಣೆಗೆ ಬಳಸೋ ಶಿಲೀಂಧ್ರನಾಶಕ ಅದಕ್ಕೆ ದಾರಿ ಮಾಡಿಕೊಡ್ತಿದೆಯೇನೋ ಅನ್ನೋದು ಅವರ ಅನುಮಾನ. 2021ರಲ್ಲಿ ಅಂಡಮಾನಿನ ಉಪ್ಪು ಜೌಗು, ಮರಳ ತೀರದಲ್ಲೂ ಹುಡುಕಿ ತಂದಿದ್ರು, ಆಸ್ಪತ್ರೆ ಆಚೆ ಪರಿಸರದಲ್ಲಿ ಸಿಕ್ಕಿದ್ದು ಅದೇ ಮೊದಲು. ಆಸ್ಪತ್ರೆ ಬಿಟ್ಟು ಸಮುದ್ರತೀರ, ಹಣ್ಣಿನ ಮಾರ್ಕೆಟ್ ಅಂತ ತಿರುಗೋ ಈ ಹಠ ಇದೆಯಲ್ಲ, ನನ್ನ ಪ್ರಕಾರ ಅವರ ಕೆಲಸದಲ್ಲಿ ಅದೇ ದೊಡ್ಡದು. ಸುಲಭದ ದಾರಿ ಬೇರೆ ಇತ್ತು, ಫ್ರೀಜರ್ ತುಂಬ ಆರಿಸ್ ಇಟ್ಕೊಂಡು ವರ್ಷಕ್ಕೆ ನಾಲ್ಕು ಪೇಪರ್ ತೆಗೀಬಹುದಿತ್ತು.

ದ್ರಾಕ್ಷಿ_ಚಪ್ಪರ

ನಾವು ಹೊಡೆಯೋದು ನಿಲ್ಲಿಸಿದ್ರೆ ಗೊನೆ ಮನೆಗೆ ಬರಲ್ಲ. ಆದ್ರೂ ಒಂದೇ ಔಷಧ ಸೀಸನ್ನೆಲ್ಲ ಹೊಡೆಯೋದು ಬಿಟ್ಟು ಗಂಧಕದ ಜತೆ ಅದಲುಬದಲು ಮಾಡಿ ಅಂತ ತೋಟಗಾರಿಕೆಯವರು ಹೇಳ್ತಾನೇ ಇರ್ತಾರೆ. ಅವರು ಹೇಳೋದು ನಮ್ಮ ಬೆಳೆಗೋಸ್ಕರ. ಶ್ವಾಸಕೋಶದ ಮಾತು ಇವತ್ತೇ ಕೇಳಿದ್ದು.

ಹೆಸರು_ಬೇಡ

2021 ಯಾರೂ ಎತ್ತಲಿಲ್ಲ. ಕೋವಿಡ್ ಎರಡನೇ ಅಲೆ, ಬ್ಲ್ಯಾಕ್ ಫಂಗಸ್. ನಮ್ಮ ಚಿಕ್ಕಪ್ಪನಿಗೆ ಶುಗರ್ ಇತ್ತು, ಕೋವಿಡ್‌ಗೆ ಸ್ಟೀರಾಯ್ಡ್ ಕೊಟ್ಟಿದ್ರು. ಕೆನ್ನೆ ಮರಗಟ್ಟಿದೆ ಅಂದ್ರು, ಮರುದಿನ ಕಣ್ಣು ಊದಿತು. ಲೈಪೊಸೋಮಲ್ ಆಂಫೊಟೆರಿಸಿನ್ ಬೇಕು ಅಂದ್ರು. ಊರಲ್ಲೆಲ್ಲೂ ಇಲ್ಲ. ವಾಟ್ಸಾಪ್ ಗ್ರೂಪುಗಳಲ್ಲಿ ಆಧಾರ್, ರಿಪೋರ್ಟ್ ಹಾಕಿ ಹಾಕಿ ಸಾಕಾಯ್ತು. ಬೌರಿಂಗ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡ್ ಮಾಡಿದ್ರು ಆ ಮೇ ತಿಂಗಳಲ್ಲಿ. ಔಷಧಕ್ಕೆ ಜಿಎಸ್‌ಟಿ ತೆಗೆದಿದ್ದು ಜೂನ್‌ನಲ್ಲಿ. ಚಿಕ್ಕಪ್ಪ ಬದುಕಿದ್ರು, ಒಂದು ಕಣ್ಣು ಹೋಯ್ತು.

ನನ್ನ ಪ್ರಶ್ನೆ ಒಂದೇ. ಇಷ್ಟು ಸೈಟೇಶನ್ ಇರೋ ಇಷ್ಟೊಂದು ವಿಜ್ಞಾನಿಗಳು ದೇಶದಲ್ಲಿದ್ರಲ್ಲ, ಔಷಧ ಸಾಲಲ್ಲ ಅಂತ ಯಾರಿಗೂ ಮೊದಲೇ ಗೊತ್ತಿರಲಿಲ್ವಾ?

ಅಗಾರ್_ಪ್ಲೇಟ್

ಗೊತ್ತಿತ್ತರೀ. ಚಂಡೀಗಢ ಪಿಜಿಐನ ಡಾ. ಅರುಣಾಲೋಕ ಚಕ್ರವರ್ತಿ ಅವರ ತಂಡ ಎಷ್ಟೋ ವರ್ಷದಿಂದ ಬರೀತಾನ ಬಂದಿತ್ತು, ಶುಗರ್ ಹತೋಟಿ ಇಲ್ಲದವರಿಗೆ ಮ್ಯೂಕರ್, ಅಂದ್ರ ಈ ಬ್ಲ್ಯಾಕ್ ಫಂಗಸ್, ಬರೋದು ನಮ್ಮ ದೇಶದಾಗ ಬ್ಯಾರೆ ದೇಶಕ್ಕಿಂತ ಭಾಳ ಜಾಸ್ತಿ ಅದ ಅಂತ. ಫ್ಲುಕೊನಜೋಲ್ ಆಗಲಿ ಎಕೈನೋಕ್ಯಾಂಡಿನ್ ಆಗಲಿ ಮ್ಯೂಕರಿಗೆ ಹುಟ್ಟಿನಿಂದನ ನಾಟಂಗಿಲ್ಲ, ಮೊದಲ ಔಷಧ ಆಂಫೊಟೆರಿಸಿನ್ನ ಅಂತನೂ ಎಲ್ಲಾ ಪುಸ್ತಕದಾಗ ಅದ. ಆ ಪೇಪರ್‌ಗಳಿಗೆ ಸೈಟೇಶನ್ ಕಡಿಮಿ ಇರಲಿಲ್ಲ. ಸೈಟ್ ಮಾಡಿದವರು ನಮ್ಮಂಥಾ ಲ್ಯಾಬಿನವರು, ಡಾಕ್ಟರುಗಳು. ಔಷಧ ಎಷ್ಟು ತಯಾರಿಸಬೇಕು, ಎಷ್ಟು ದಾಸ್ತಾನು ಇಡಬೇಕು ಅಂತ ತೀರ್ಮಾನ ಮಾಡೋರು ಸೈಟ್ ಮಾಡಂಗಿಲ್ಲ, ಓದಂಗೂ ಇಲ್ಲ. ನಿಮ್ಮ ಚಿಕ್ಕಪ್ಪಾರು ಉಳಿದ್ರಲ್ಲ, ಅದು ದೊಡ್ಡದು.

ತಕರಾರು_ಅರ್ಜಿ

ಈ ಮಾತಿಗೆ ನನ್ನ ತಕರಾರಿಲ್ಲ. ಒಂದು ಸೇರಿಸ್ತೀನಿ. ಬ್ಯಾಕ್ಟೀರಿಯಾಗಳ ಆದ್ಯತಾ ಪಟ್ಟಿಯನ್ನ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು 2017ರಲ್ಲಿ. ಫಂಗಸ್‌ಗಳದ್ದು ಬಂದಿದ್ದು 2022ರ ಅಕ್ಟೋಬರ್‌ನಲ್ಲಿ, 19 ಹೆಸರು. ಅತಿ ಗಂಭೀರ ಗುಂಪಿನಲ್ಲಿ ನಾಲ್ಕು: ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್, ಕ್ಯಾಂಡಿಡಾ ಆರಿಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡಾ ಆಲ್ಬಿಕನ್ಸ್. ಎರಡನೇದು, ಮೂರನೇದು ಈ ಚರ್ಚೆಯಲ್ಲೇ ಬಂದಾಯ್ತು, ಎರಡರಲ್ಲೂ ಚೌಧರಿ ಅವರ ಪೇಪರ್‌ಗಳಿವೆ. ಮ್ಯೂಕರ್ ಅದರ ಕೆಳಗಿನ ಗುಂಪಲ್ಲಿದೆ. ಸಂಖ್ಯೆ ಹಾಕಲೇಬೇಕು ಅಂದ್ರೆ ಈ ಪಟ್ಟಿಯನ್ನ ಪಕ್ಕದಲ್ಲಿ ಹಾಕಿ, ಓದೋನಿಗೆ ಏನೋ ಅರ್ಥ ಆಗುತ್ತೆ.

ಕಪಾಟು_ಆರು

ಎಲ್ಲರಿಗೂ ವಂದನೆ. ಪೋಸ್ಟರಿನ ಕರಡು ಹೀಗಾಗಿದೆ. ಮಧ್ಯದಲ್ಲಿ ದೆಹಲಿಯಿಂದ ಶುರುವಾಗೋ ಒಂದು ಗೆರೆ: 2012 ಮಣ್ಣು, 2013 ಹನ್ನೆರಡು ರೋಗಿಗಳು, 2018 ಐಸಿಯುವಿನ 350 ಮಾದರಿ ಮತ್ತು ಹುಳುಕಡ್ಡಿ, 2021 ಅಂಡಮಾನ್, 2022 ಸೇಬು. ಗೆರೆಯ ಕೆಳಗೆ ಆಯಾ ಕಾಲಕ್ಕೆ ಹೊರಗೆ ಏನಾಗ್ತಿತ್ತು: ಸಿಡಿಸಿ ಎಚ್ಚರಿಕೆ, ಶೆಡ್ಯೂಲ್ ಎಚ್, ಬ್ಲ್ಯಾಕ್ ಫಂಗಸ್, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ. ಬಲಗಡೆ "ಬೆಂಗಳೂರಿನಿಂದ" ಅಂತ ಐಐಎಸ್‌ಸಿ, ಜಕ್ಕೂರಿನ ಎರಡು ಪೇಪರ್. ಸೈಟೇಶನ್ ಸಂಖ್ಯೆ ಕೆಳಗೆ ಮೂಲೆಯಲ್ಲಿ, ಯಾವ ಡೇಟಾಬೇಸ್, ಯಾವ ದಿನ ನೋಡಿದ್ದು ಅನ್ನೋದರ ಸಮೇತ. ಡೇಟಾ ಪೇಪರ್, ರಿವ್ಯೂ ಬೇರೆ ಬೇರೆ.

ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. "ಎಲ್ಲ ಚೆನ್ನಾಗಿದೆ, ಸಂಖ್ಯೆ ಮಾತ್ರ ಸಣ್ಣದಾಯ್ತು" ಅಂದ್ರು. ಫಾಂಟ್ ಎರಡು ಪಾಯಿಂಟ್ ಏರಿಸಿ ರಾಜಿ ಆಗಿದೆ.

ಅಗಾರ್_ಪ್ಲೇಟ್

ಮೂಲ್ಯಾಗ ಒಂದು ಫ್ರೀಜರ್ ಚಿತ್ರ ಹಾಕ್ರಿ ಸರ್.

ಪಾಸ್_ಇದೆ_ಸೀಟಿಲ್ಲ

ಮೇಡಂ, ಇಷ್ಟೆಲ್ಲ ಓದಿದ ಮೇಲೆ ಕೇಳ್ತೀನಿ, ನಾಚಿಕೆ ಬಿಟ್ಟು. ಹುಳುಕಡ್ಡಿಗೆ ಯಾವ ಕ್ರೀಮು?

ಸ್ಕಿನ್_ಓಪಿಡಿ

ಹೆಸರು ಇಲ್ಲಿ ಹೇಳಲ್ಲ. ಮನೇಲಿರೋ ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತಿದ್ರೆ ಹಚ್ಚೋದು ನಿಲ್ಲಿಸಿ. ನಿಲ್ಲಿಸಿದ ಮೇಲೆ ಕೆಲವು ದಿನ ಕೆಂಪು ಜಾಸ್ತಿ ಆಗುತ್ತೆ, ಹೆದರಿ ಮತ್ತೆ ಹಚ್ಚಬೇಡಿ. ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ, ಚರ್ಮ ಕೆರೆದು ಕೆಓಎಚ್ ಅನ್ನೋ ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಹೆಚ್ಚು ಹೊತ್ತು ಹಿಡಿಯಲ್ಲ. ಹೋಗೋ ದಿನ ಏನೂ ಹಚ್ಚಿಕೊಂಡು ಹೋಗಬೇಡಿ. ಮನೇಲಿ ಬೇರೆ ಯಾರಾದ್ರೂ ಕೆರೆದುಕೊಳ್ತಿದ್ರೆ ಅವರನ್ನೂ ಕರ್ಕೊಂಡು ಹೋಗಿ.

ಪಾಸ್_ಇದೆ_ಸೀಟಿಲ್ಲ

ಆರು ಜನ ಇದೀವಿ ಮೇಡಂ.